ಭರತಿಗೆ ಬಿಟ್ಟ ಬೆಲ್ಲ

ಫೋನು ಬಂದಾಗ ನಾನು ನೀರು ಸೋಸುತ್ತಿದ್ದೆ. ಹಿತ್ತಾಳೆಯ ಕೊಡದ ಬಾಯಿಗೆ ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ, ನಳವನ್ನು ಸಣ್ಣಗೆ ಬಿಟ್ಟುಕೊಂಡು ನಿಂತಿದ್ದೆ. ನಮ್ಮ ಜೈನರ ಮನೆಗಳಲ್ಲಿ ಬೆಳಗಿನ ಮೊದಲ ಕೆಲಸ ಇದು. ನೀರನ್ನು ಎಷ್ಟೇ ಶುದ್ಧ ಮಾಡಿ ಕಳಿಸಿರಲಿ, ಅರಿವೆ ದಾಟದೆ ಅದು ನನ್ನ ಗಂಟಲಿಗೆ ಇಳಿಯುವುದಿಲ್ಲ. ಈ ಕೆಲಸದ ನಡುವೆ ಯಾರು ಕರೆದರೂ ನಾನು ಓಗೊಡುವವಳಲ್ಲ. ಆದರೆ ಅವತ್ತು ಅಕ್ಕ ಬರುವ ದಿನ. ಒದ್ದೆ ಕೈಯಲ್ಲೇ ಫೋನು ಎತ್ತಿದೆ.

ಅಕ್ಕ ಎಂದರೆ ಸುಮತಿ ಅಕ್ಕ, ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಕೊಂಕಣದ ಒಂದು ಸಣ್ಣ ಊರಿನ ಮರಾಠಿ ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ. ಆ ಊರಿನವರೆಲ್ಲ ಅವಳನ್ನು ‘ಬಾಯಿ’ ಎನ್ನುತ್ತಾರೆ. ಮರಾಠಿಯಲ್ಲಿ ಶಾಲೆಯ ಟೀಚರಿಗೆ ಹಾಗೆಯೇ ಹೇಳುವುದು. ನಿವೃತ್ತಿಯಾಗಿ ಆರು ವರ್ಷವಾದರೂ ಅವಳು ಆ ಊರು ಬಿಟ್ಟಿಲ್ಲ. ಊರಿನ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಆ ಸಮುದ್ರವೇ ನೆಲದೊಳಗೆ ಚಾಚಿದ ತೋಳು. ಅದಕ್ಕೆ ಖಾಡಿ ಎನ್ನುತ್ತಾರೆ. ಬಸ್ಸು ಖಾಡಿಯ ಆಚೆ ದಡದಲ್ಲಿ ನಿಲ್ಲುತ್ತದೆ, ಈಚೆಗೆ ದೋಣಿಯಲ್ಲಿ ದಾಟಬೇಕು.

ಅಂಥ ಊರಿನಿಂದ ಅವಳು ವರ್ಷಕ್ಕೊಮ್ಮೆ, ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನಕ್ಕೆ, ಸಾಂಗ್ಲಿಯ ನಮ್ಮ ಮನೆಗೆ ಬರುತ್ತಾಳೆ. ಮಹಡಿಯ ಮೇಲೆ ಪಡುವಣಕ್ಕೆ ಕಿಟಕಿ ಇರುವ ಒಂದು ಕೋಣೆಯನ್ನು ಅವಳಿಗೆಂದೇ ಇಟ್ಟಿದ್ದೇನೆ. ಹತ್ತನೆಯ ದಿನ ಅವಳು ಚೀಲ ಕಟ್ಟುವಾಗ ಕೇಳುತ್ತೇನೆ, “ಅಕ್ಕಾ, ಇನ್ನ ಇಲ್ಲೇ ಇರಬಾರದೇನ?” ಅವಳು “ನೋಡೂಣಂತ” ಎನ್ನುತ್ತಾಳೆ. ಅವಳು ಹೋದಮೇಲೆ ನಾನು ಆ ಕೋಣೆಯ ಹಾಸಿಗೆಯನ್ನು ಮುಂದಿನ ಭಾದ್ರಪದದವರೆಗೂ ಮಡಿಸಿಡದೆ ಹಾಗೆಯೇ ಬಿಡುತ್ತೇನೆ.

ಫೋನು ಮಾಡಿದವಳು ಅಕ್ಕನಲ್ಲ, ಅವಳ ಪಕ್ಕದ ಮನೆಯ ಸುಲು ವಹಿನಿ. ವಹಿನಿ ಎಂದರೆ ಮರಾಠಿಯಲ್ಲಿ ಅತ್ತಿಗೆ. ಆ ಕಡೆ ಗಾಳಿಯ ಭೋರ್ಗರೆತ. ನಡುನಡುವೆ ಕಡಿದುಹೋಗುತ್ತಿದ್ದ ಅವಳ ಮರಾಠಿಯಲ್ಲಿ ನನಗೆ ಕೇಳಿಸಿದ್ದು ಇಷ್ಟು: “ಮೋಠೀ ಭರತೀ… ಬಾಯೀ ಆಜ ಯೇಣಾರ ನಾಹೀತ…” ದೊಡ್ಡ ಭರತಿ, ಬಾಯಿ ಇವತ್ತು ಬರುವುದಿಲ್ಲ. ಆಮೇಲೆ ಫೋನು ಸತ್ತಿತು.

ಈಗ ನಮ್ಮ ಊರಿನ ಸಂಗತಿ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ನೀವು ನನ್ನನ್ನು ಪೂರಾ ದಡ್ಡಿ ಎನ್ನುತ್ತೀರಿ. ಸಾಂಗ್ಲಿಗೆ ತಾಗಿದಂತೆಯೇ ಮಿರಜ, ಮಿರಜಿನಲ್ಲಿ ಓಣಿಗೊಂದು ದವಾಖಾನೆ. ಸುತ್ತಲಿನ ಹಳ್ಳಿಗಳ ಜಡ್ಡು ಜಾಪತ್ರೆಯೆಲ್ಲ ಬಂದು ಸೇರುವುದು ಅಲ್ಲಿಗೇ. ಹಾಗಾಗಿ ನಮ್ಮ ಮಾತಿನಲ್ಲಿ ಭರತಿ ಎಂದರೆ ದವಾಖಾನೆಗೆ ಸೇರಿಸುವುದು. “ಯಾರನ್ನ ಭರತಿ ಮಾಡ್ಯಾರ? ಎಲ್ಲಿ ಭರತಿ?” ಎಂದು ಕೇಳದೆ ನಮ್ಮಲ್ಲಿ ಸಂತೆಯ ಕೊತ್ತಂಬರಿ ಸಿವುಡನ್ನೂ ಯಾರೂ ಕೊಳ್ಳುವುದಿಲ್ಲ. ಹುಡುಗರು ಪೊಲೀಸ್ ಭರತಿ ಎಂದು ಓಡುವುದೂ ಉಂಟು. ಆದರೆ ಅರವತ್ತು ದಾಟಿದ ಅಕ್ಕ ಪೊಲೀಸಳಾಗುವಂತಿರಲಿಲ್ಲ.

ಅದಕ್ಕೆ ‘ದೊಡ್ಡ’ ಎಂಬ ಮಾತು ಬೇರೆ ಸೇರಿದೆ. ನೆಟ್ಟಗೆ ದೇವರ ಕೋಣೆಗೆ ಹೋಗಿ ಪಾರ್ಶ್ವನಾಥ ಸ್ವಾಮಿಯ ಎದುರು ಕುಳಿತೆ. ಣಮೋಕಾರ ಮಂತ್ರ ಅರ್ಧ ಹೇಳುವಷ್ಟರಲ್ಲಿ ಬಾಯಿಂದ ಬಂದುಬಿಟ್ಟಿತು: “ಅಕ್ಕನ ಮುಖ ಕಣ್ಣಾರೆ ನೋಡುವ ತನಕ ಬೆಲ್ಲ ಬಿಟ್ಟೆ.”

ನಮ್ಮ ಸ್ವಾಮಿ ಹರಕೆ ತೆಗೆದುಕೊಂಡು ವರ ಕೊಡುವವನಲ್ಲ. ಅವನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಎಂದೋ ಬಿಟ್ಟು ಕುಳಿತವನು. ಅವನ ಮುಂದೆ ಬಿಡುವುದೆಂದರೆ ನಮ್ಮ ಮನಸ್ಸು ಹಗುರ ಮಾಡಿಕೊಳ್ಳುವುದಕ್ಕೇ ಹೊರತು ಅವನ ಜೊತೆ ವ್ಯವಹಾರಕ್ಕಲ್ಲ. ಇದನ್ನೆಲ್ಲ ಚಿಕ್ಕಂದಿನಿಂದ ಪ್ರವಚನದಲ್ಲಿ ಕೇಳಿದವಳೇ ನಾನು. ಗಾಬರಿಯಲ್ಲಿ ಪ್ರವಚನ ಯಾರಿಗೆ ನೆನಪಾಗುತ್ತದೆ? ಅದೂ ಬಿಟ್ಟಿದ್ದು ಏನನ್ನು? ಹಾಗಲಕಾಯಿಯನ್ನು ಬಿಡಬಹುದಾಗಿತ್ತು. ಊಟದ ಮೇಲೆ ನೆಲ್ಲಿಕಾಯಿ ಗಾತ್ರದ ಬೆಲ್ಲ ಬಾಯಿಗೆ ಬೀಳದಿದ್ದರೆ ಉಂಡ ಹಾಗೇ ಅನ್ನಿಸದ ಹೆಂಗಸು ನಾನು, ಬೆಲ್ಲವನ್ನೇ ಬಿಟ್ಟೆ.

ನಮ್ಮ ಮನೆಯವರಿಗೆ ಅರಿಶಿನದ ಪೇಟೆಯಲ್ಲಿ ಅಂಗಡಿ. ಅವತ್ತು ಅವರು ಅಂಗಡಿಗೆ ಹೋಗದೆ ಫೋನು ಹಿಡಿದು ಕುಳಿತರು. ಅಕ್ಕನದೂ ಹತ್ತಲಿಲ್ಲ, ಸುಲು ವಹಿನಿಯದೂ ಹತ್ತಲಿಲ್ಲ. ಬಾಡಿಗೆ ಗಾಡಿ ಮಾಡಿ ಹೊರಡುವ ಮಾತು ಆಗುತ್ತಿರುವಾಗಲೇ, ಮಧ್ಯಾಹ್ನದ ಊಟದ ಹೊತ್ತಿಗೆ, ಅಕ್ಕನದೇ ಫೋನು ಬಂತು.

“ಯಾವ ದವಾಖಾನ್ಯಾಗ ಅದೀಯ?” ಎಂದೆ.

“ದವಾಖಾನಿ ಯಾಕ? ಕಟ್ಟಿ ಮ್ಯಾಲ ಕುಂತೇನಿ. ಭರತಿ ಐತಿ, ಮ್ಯಾಲ ಗಾಳೀನೂ ಐತಿ, ಇವತ್ತ ದೋಣಿ ಬಿಡವಲ್ಲರು. ವಹಿನಿ ಹೇಳಲಿಲ್ಲೇನ?”

“ಭರತಿ ಅಂದ್ಲು.”

ಫೋನಿನಲ್ಲಿ ಅಕ್ಕ ನಕ್ಕ ನಗೆ ನಮ್ಮ ಮನೆಯವರಿಗೂ ಕೇಳಿಸಿತು. “ಹುಚ್ಚಿ, ಭರತಿ ಅಂದ್ರ ಸಮುದ್ರ ತುಂಬಿ ಬರೂದು. ಇಲ್ಲೆ ದಿನಕ್ಕ ಎರಡ ಸಲ ಭರತಿ ಆಗತೈತಿ. ಹಂಗ ನೋಡಿದ್ರ ಊರಿಗೆ ಊರ ದವಾಖಾನ್ಯಾಗ ಇರಬೇಕಾಗತೈತಿ.”

ಆಮೇಲೆ ತಿಳಿಯಿತು, ನಮ್ಮ ಅಚ್ಚ ಕನ್ನಡದಲ್ಲೂ ಸಮುದ್ರದ ಏರಿಳಿತಕ್ಕೆ ಭರತ, ಇಳಿತ ಎನ್ನುತ್ತಾರಂತೆ. ಕಡಲಿನಿಂದ ಇಷ್ಟು ದೂರದಲ್ಲಿ ನನಗೆ ಆ ಮಾತನ್ನು ಯಾರು ಹೇಳಬೇಕಿತ್ತು? ನಮಗೆ ಗೊತ್ತಿರುವುದು ಕೃಷ್ಣೆ ಒಬ್ಬಳೇ. ಅವಳು ಏರಿದರೆ ಸೇತುವೆಯ ಗುರುತು ನೋಡಿ “ಎಷ್ಟ ಫೂಟ ಆತು?” ಎಂದು ಕೇಳುತ್ತೇವೆ. ಒಮ್ಮೆ ಮನೆಯೊಳಗೆ ಬಂದರೆ ದಿನಗಟ್ಟಲೆ ಹೋಗುವುದಿಲ್ಲ, ಹೋಗುವಾಗ ಕೆಸರನ್ನು ಗುರುತಿಗೆ ಬಿಟ್ಟುಹೋಗುತ್ತಾಳೆ. ಆರು ತಾಸಿಗೆ ಬಂದು ಆರು ತಾಸಿಗೆ ತನ್ನಷ್ಟಕ್ಕೆ ತಾನೇ ತಿರುಗಿ ಹೋಗುವ ಸಭ್ಯ ನೀರನ್ನು ನಾವು ಕಂಡವರಲ್ಲ.

ಅಕ್ಕನಿಗೇನೂ ಆಗಿಲ್ಲ ಎಂದು ತಿಳಿದ ಸಂತೋಷದಲ್ಲಿ ಊಟ ಮುಗಿಸಿ ಬೆಲ್ಲದ ಡಬ್ಬಿಗೆ ಕೈ ಹಾಕಿದೆ. ಹಾಕಿದ ಕೈ ಅಲ್ಲೇ ನಿಂತಿತು. ನಾನು ‘ಅಕ್ಕ ಗುಣವಾಗುವ ತನಕ’ ಎಂದಿರಲಿಲ್ಲ, ‘ಮುಖ ಕಣ್ಣಾರೆ ನೋಡುವ ತನಕ’ ಎಂದಿದ್ದೆ. ಮರುದಿನ ನೋಡಿದರೆ ಕೊಂಕಣಕ್ಕೆ ಇಳಿಯುವ ಘಾಟಿನಲ್ಲಿ ಗುಡ್ಡ ಕುಸಿದು ದಾರಿ ಬಂದಾಗಿತ್ತು. ಹತ್ತು ಹನ್ನೆರಡು ದಿನ ತೆರೆಯುವುದಿಲ್ಲವೆಂದರು. ಈ ವರ್ಷ ಅಕ್ಕನಿಲ್ಲದ ದಶಲಕ್ಷಣ.

“ವಿಡಿಯೋ ಕಾಲ್ ಮಾಡು, ಮುಖ ನೋಡು, ಬೆಲ್ಲ ತಿನ್ನು. ಮುಗೀತಲ್ಲ,” ಎಂದರು ನಮ್ಮ ಮನೆಯವರು. ವ್ಯಾಪಾರದವರಿಗೆ ಎಲ್ಲದಕ್ಕೂ ಒಂದು ಒಳದಾರಿ ಕಾಣುತ್ತದೆ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ? ಬಸದಿಯಲ್ಲಿ ಒಬ್ಬ ಹಿರಿಯ ಆಯಿಯ ಹತ್ತಿರ ಮೆಲ್ಲಗೆ ಕೇಳಿದೆ. ಅವರು ಹಣೆಯ ಗಂಧ ಸರಿಮಾಡಿಕೊಳ್ಳುತ್ತ, “ಫೋಟೋದಾಗಿನ ಹೋಳಿಗಿ ನೋಡಿದ್ರ ಹೊಟ್ಟಿ ತುಂಬತೈತೇನವಾ?” ಎಂದರು. ಅಲ್ಲಿಗೆ ವಿಡಿಯೋ ಕಾಲಿನ ಬಾಗಿಲು ಮುಚ್ಚಿತು.

ಸಾಂಗ್ಲಿಯಲ್ಲಿ ಬೆಲ್ಲ ಬಿಡುವುದೆಂದರೆ ಏನೆಂದು ಈ ಊರಿನವರಿಗೇ ಗೊತ್ತು. ಪೇಟೆಯ ಕಡೆ ಹೋದರೆ ಗಾಳಿಯೇ ಸಿಹಿ. ನಮ್ಮ ಮನೆಯವರ ಅಂಗಿಗೆ ಅರಿಶಿನದ ವಾಸನೆ, ಪಕ್ಕದ ಅಂಗಡಿಯ ಬೆಲ್ಲದ ವಾಸನೆ, ಎರಡೂ ಹತ್ತಿರುತ್ತವೆ. ಒಗೆಯುವಾಗ ಉಸಿರು ಹಿಡಿದುಕೊಂಡೆ. ಪರ್ವದಲ್ಲಿ ಒಂದು ದಿನ ಉತ್ತಮ ತ್ಯಾಗ ಧರ್ಮದ್ದು. ಅವತ್ತು ಬಸದಿಯ ಹೆಂಗಸರೆಲ್ಲ, “ಅಕ್ಕನ ಸಲುವಾಗಿ ಬೆಲ್ಲಾನ ಬಿಟ್ಟಾಳ ನೋಡ್ರಿ,” ಎಂದು ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತೆ. ಅದು ವಿನಯವೆಂದು ಅವರು ತಿಳಿದರು. ಮರಾಠಿ ಸರಿಯಾಗಿ ಕೇಳಿಸಿಕೊಳ್ಳದ್ದಕ್ಕೆ ಬಂದ ಪುಣ್ಯ ಇದು ಎಂದು ನಾನು ಹೇಳಲಿಲ್ಲ. ಇವತ್ತು ನಿಮಗೆ ಹೇಳುತ್ತಿದ್ದೇನೆ.

ಪರ್ವ ಮುಗಿಯಿತು, ಘಾಟು ತೆರೆಯಿತು. ಅಕ್ಕ ಫೋನಿನಲ್ಲಿ ಹೇಳಿದಳು, “ನಾ ಇನ್ನ ಮುಂದಿನ ವರ್ಷಾನ ಬರಾಕಿ. ಬೆಲ್ಲ ತಿನ್ನೂದಿದ್ರ ನೀನ ಬಾ.”

ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಅವಳ ಊರಿಗೆ ಹೋದವಳಲ್ಲ. ಮೀನಿನ ಊರು, ಅಲ್ಲಿ ನೀರು ಹೇಗೋ, ಹೊತ್ತು ಮುಳುಗುವ ಮೊದಲು ಊಟ ಹೇಗೋ ಎಂದು ನೆವ ಹೇಳುತ್ತಿದ್ದೆ. ಅಕ್ಕ ಅಲ್ಲಿ ನೇಮಗಳನ್ನೆಲ್ಲ ಸಡಿಲ ಮಾಡಿಕೊಂಡಿರಬಹುದು, ಅದನ್ನು ಕಣ್ಣಿಂದ ನೋಡುವುದು ಬೇಡ ಎಂಬ ಭಯವೂ ಒಳಗೆ ಇತ್ತು. ಈಗ ಬೆಲ್ಲ ನನ್ನ ಕೈ ಹಿಡಿದು ಬಸ್ಸು ಹತ್ತಿಸಿತು. ಒಂದು ಬೆಲ್ಲದ ಪೆಂಟೆ, ಸೋಸುವ ಅರಿವೆ, ಎರಡು ಸೀರೆ ಚೀಲಕ್ಕೆ ಹಾಕಿಕೊಂಡೆ. “ತಿನ್ನಾಕ ಹೋಗತೀಯೋ, ಅಕ್ಕನ್ನ ಗಂಟ ಕಟಗೊಂಡ ಬರಾಕ ಹೋಗತೀಯೋ?” ಎಂದರು ನಮ್ಮ ಮನೆಯವರು, ಬಸ್ಸಿನ ಕಿಟಕಿಯ ಕೆಳಗೆ ನಿಂತು. “ಎರಡೂ,” ಎಂದೆ. ಅಕ್ಕನನ್ನು ಈ ಸಲ ಕರೆದುಕೊಂಡೇ ಬರುವುದೆಂದು ನಿರ್ಧಾರ ಮಾಡಿದ್ದೆ. ಭರತಿಯ ಗಾಬರಿ ಸುಳ್ಳಾದರೂ ಗಾಬರಿ ಪಟ್ಟದ್ದು ನಿಜವಲ್ಲವೇ? ಮುಂದೊಂದು ದಿನ ಅದೇ ಮಾತು ನಿಜವಾದ ಅರ್ಥದಲ್ಲಿ ಬಂದರೆ?

ಖಾಡಿಯ ದಡ ಮುಟ್ಟಿದಾಗ ಮಧ್ಯಾಹ್ನ. ಆಚೆ ದಡದಲ್ಲಿ ಹಸಿರು ಸೀರೆಯ ಒಂದು ಚುಕ್ಕೆ ಕೈ ಬೀಸುತ್ತಿತ್ತು. ಅಕ್ಕನೇ. ಚುಕ್ಕೆಯನ್ನು ನೋಡಿದರೆ ಮುಖ ನೋಡಿದಂತಾಗುತ್ತದೆಯೇ ಎಂದು ಒಂದು ಕ್ಷಣ ಯೋಚಿಸಿದೆ. ಕೈ ಆಗಲೇ ಚೀಲದೊಳಗೆ ಇತ್ತು. ತಡೆದುಕೊಂಡೆ. ದೋಣಿ ನಡುನೀರಿಗೆ ಬಂದಾಗ ಸೀರೆಗೆ ಕೈಕಾಲು ಮೂಡಿದವು, ಇನ್ನೊಂದಿಷ್ಟು ಹೋದಾಗ ಕನ್ನಡಕ, ಆಮೇಲೆ ಅಮ್ಮನದೇ ಆದ ಆ ಗದ್ದ. ನಾನು ದೋಣಿಯಲ್ಲೇ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡೆ. ಕೈಗೆ ಸಿಡಿದಿದ್ದ ಸಮುದ್ರದ ನೀರು ಅದಕ್ಕೆ ಹತ್ತಿತ್ತು. ಮೊದಲು ಉಪ್ಪು, ಆಮೇಲೆ ಬೆಲ್ಲ. ಮೂರು ವಾರದ ಉಪವಾಸ ಬಿಟ್ಟ ನಾಲಿಗೆಗೆ ಅದಕ್ಕಿಂತ ರುಚಿಯಾದದ್ದು ನಾನು ಅಲ್ಲಿಂದ ಇಲ್ಲಿಯ ತನಕ ತಿಂದಿಲ್ಲ.

“ಮೊದಲ ನನ್ನ ನೋಡು, ಆಮ್ಯಾಲ ತಿನ್ನು,” ಎಂದಳು ಅಕ್ಕ.

“ನೋಡೇ ತಿಂದೇನಿ. ಗದ್ದ ಕಾಣಿಸಿತು.”

ಅಲ್ಲಿ ಮೂರು ದಿನ ಇದ್ದೆ. ಆ ಊರಿನ ಸುಖಗಳು ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣವು. ಮನೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬದ ಪಕ್ಕದಲ್ಲೇ ಭರತಿಯ ವೇಳೆಯನ್ನು ಪೆನ್ಸಿಲಿನಲ್ಲಿ ಬರೆದಿರುತ್ತಾರೆ. ಮದುವೆ ಮಾತುಕತೆಗೆ ಹೋಗುವುದಿದ್ದರೂ ಮೊದಲು ಅದನ್ನು ನೋಡುತ್ತಾರೆ. ತಡವಾಗಿ ಬಂದವರು “ನೀರು ಇಳಿಯಲಿಲ್ಲ” ಎಂದರೆ ಮುಗಿಯಿತು, ಯಾರೂ ಸಿಟ್ಟಾಗುವುದಿಲ್ಲ. ಇಂಥ ನೆವ ನಮ್ಮ ಸಾಂಗ್ಲಿಯಲ್ಲಿ ಇದ್ದಿದ್ದರೆ ನನ್ನ ಅರ್ಧ ಜಗಳಗಳು ಆಗುತ್ತಿರಲಿಲ್ಲ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಮುಂದೆ ಮಾಡಿ ಮಲಗುತ್ತದೆ. ನಾಯಿಗಳೂ ಕವುಚಿ ಹಾಕಿದ ದೋಣಿಗಳ ನೆರಳಿಗೆ ಹೋಗುತ್ತವೆ.

ಸುಲು ವಹಿನಿಯ ಅಂಗಳಕ್ಕೂ ಅಕ್ಕನ ಅಂಗಳಕ್ಕೂ ನಡುವೆ ಬೇಲಿ ಇಲ್ಲ. ಮೀನಿನ ವಾಸನೆಗೆ ಮೂಗು ಗಟ್ಟಿ ಮಾಡಿಕೊಂಡು ಹೋದವಳು ನಾನು, ಅಲ್ಲಿ ವಾಸನೆಯೇ ಇಲ್ಲ. ಎರಡನೆಯ ದಿನ ಬೆಳಿಗ್ಗೆ ನೋಡಿದೆ. ವಹಿನಿ ಮೀನಿನ ಬುಟ್ಟಿ ಹೊತ್ತು ಬಂದವಳು ಸೆರಗಿನ ತುದಿ ಎತ್ತಿ ಹಿಡಿದಳು. ಸೆರಗು ಯಾವ ಕಡೆ ಹಾರಿತೋ ನೋಡಿ, ಗಾಳಿ ಅಕ್ಕನ ಮನೆಯಿಂದ ಆಚೆ ಹೋಗುವ ಮೂಲೆಯಲ್ಲಿ ಚಾಪೆ ಹಾಸಿದಳು. “ಬಾಯಿ ಬಂದಾಗಿಂದ ಹೀಗೇ,” ಎಂದಳು ಮರಾಠಿಯಲ್ಲಿ, ದೊಡ್ಡ ಸಂಗತಿಯೇನಲ್ಲ ಎಂಬಂತೆ. ನಾನು ಅಹಿಂಸೆಯ ಬಗ್ಗೆ ಬಹಳ ಪ್ರವಚನ ಕೇಳಿದ್ದೇನೆ. ಗಾಳಿ ನೋಡಿ ಮೀನು ಒಣಹಾಕುವ ಹೆಂಗಸನ್ನು ಯಾವ ಸಾಲಿನಲ್ಲಿ ಕೂರಿಸಬೇಕೋ ನನಗೆ ತಿಳಿಯಲಿಲ್ಲ. ಸುಮ್ಮನೆ ಬೆಲ್ಲದ ಪೆಂಟೆಯಲ್ಲಿ ಅರ್ಧ ಮುರಿದು ಅವಳ ಕೈಗೆ ಕೊಟ್ಟೆ.

ಇನ್ನು ನೀರಿನ ಮಾತು. ಅಕ್ಕನ ಹಿತ್ತಲಿನಲ್ಲಿ ಒಂದು ಬಾವಿ. ಸಮುದ್ರ ಕೂಗಳತೆಯಲ್ಲಿ, ಬಾವಿಯ ನೀರು ಮಾತ್ರ ಎಳನೀರಿನಷ್ಟು ಸಿಹಿ. ಅಕ್ಕ ಬೆಳಿಗ್ಗೆ ನೀರು ಸೇದಿ ಅರಿವೆಯಲ್ಲಿ ಸೋಸಿದಳು. ನಾನು ನೋಡುತ್ತ ನಿಂತಿದ್ದೆ. ಇಷ್ಟಾದರೂ ಇಟ್ಟುಕೊಂಡಿದ್ದಾಳಲ್ಲ ಎಂದು ಮನಸ್ಸಿನಲ್ಲೇ ಅವಳಿಗೆ ಪಾಸು ಮಾರ್ಕು ಕೊಟ್ಟೆ. ಆಮೇಲೆ ಅವಳು ಅರಿವೆಯನ್ನು ತಿರುವಿ, ಸೋಸಿದ ನೀರನ್ನೇ ಮೇಲೆ ಹನಿಸಿ, ಅದರಲ್ಲಿ ಉಳಿದಿದ್ದನ್ನು ಒಂದು ಪುಟ್ಟ ಚೊಂಬಿಗೆ ಇಳಿಸಿದಳು. ಚೊಂಬನ್ನು ಹಗ್ಗಕ್ಕೆ ಕಟ್ಟಿ, ಸದ್ದಾಗದಂತೆ ಬಾವಿಯ ನೀರಿನ ತನಕ ಇಳಿಸಿ, ಓರೆ ಮಾಡಿ ಬಿಟ್ಟಳು. ಸೋಸಿದಾಗ ಸಿಕ್ಕ ಜೀವಗಳನ್ನು ಅವು ಬಂದ ನೀರಿಗೇ ಹಿಂದಿರುಗಿಸಬೇಕು. ನೇಮದ ಕೊನೆಯ ಅರ್ಧ ಅದು. ನಮ್ಮ ಅಜ್ಜಿ ಮಾಡುತ್ತಿದ್ದಳು. ನಾನು ಮದುವೆಯಾಗಿ ನಳದ ಮನೆಗೆ ಬಂದಮೇಲೆ ಬಿಟ್ಟಿದ್ದೆ. ನಳದೊಳಗೆ ಹಿಂದಿರುಗಿಸಲು ಯಾರಿಂದ ಸಾಧ್ಯ? ಅರಿವೆಯನ್ನು ತುಳಸಿ ಕುಂಡದಲ್ಲಿ ಹಿಂಡಿ ಕೈ ತೊಳೆದುಕೊಳ್ಳುತ್ತಿದ್ದೆ.

ಅಕ್ಕನಿಗೆ ಪಾಸು ಮಾರ್ಕು ಕೊಟ್ಟವಳು ನಾನೇ ನಾಪಾಸಾಗಿ ನಿಂತೆ. “ನನಗ ಬಾವಿ ಎಲ್ಲಿಂದ ಬರಬೇಕು?” ಎಂದೆ.

“ನಿಮ್ಮ ನಳಕ್ಕ ನೀರ ಎಲ್ಲಿಂದ ಬರತೈತಿ?”

“ಕೃಷ್ಣಾದಿಂದ.”

“ಕೃಷ್ಣಾ ನಿನ್ನ ಮನಿಯಿಂದ ಎಷ್ಟ ದೂರ?”

ಹೊಳೆಯ ಘಾಟಿನ ಮೆಟ್ಟಿಲು ನಮ್ಮ ಮನೆಯಿಂದ ಒಂದು ಜಪಮಾಲೆ ಮುಗಿಯುವಷ್ಟು ದಾರಿ.

ಸಂಜೆಗೆ ಅಲ್ಲಿಯೂ ಹೊತ್ತು ಮುಳುಗುವ ಮೊದಲೇ ಊಟ. ಕೈ ತೊಳೆದು ನಾನು ಪಾತ್ರೆಗಳ ಕಡೆ ಹೊರಟರೆ ಅಕ್ಕ ತಡೆದಳು. “ಅವು ಇರಲಿ, ಏಳು. ಅಂವನ್ನ ಕಳಿಸಿ ಬರೂಣು.”

“ಯಾರನ್ನ?”

“ಸೂರ್ಯನ್ನ. ದಿನಾ ನಮ್ಮ ಊಟ ಆಗೂ ತನಕ ಕಾದು ನಿಂದರತಾನ. ಬಾಗಲ ತನಕರ ಕಳಿಸಿ ಬರಬ್ಯಾಡೇನ?”

ಈ ಮಾತು ಹೊಳೆಯದೆಯೇ ನನಗೆ ಐವತ್ತೆಂಟು ವರ್ಷ ಕಳೆದಿದೆ. ವರ್ಷದ ಯಾವ ದಿನ ಯಾವ ನಿಮಿಷಕ್ಕೆ ಸೂರ್ಯ ಮುಳುಗುತ್ತಾನೆಂದು ನಾನು ಪಂಚಾಂಗ ನೋಡದೆ ಹೇಳಬಲ್ಲೆ. ಅವನು ಮುಳುಗುವುದನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಆ ಹೊತ್ತಿಗೆ ನನ್ನ ಬೆನ್ನು ಕಿಟಕಿಗೆ, ಮುಖ ಒಲೆಗೆ. ಅವನು ನನಗೆ ಅತ್ತೆಯ ಕಣ್ಣಿನಂತೆ, ಅದು ಮುಚ್ಚುವುದರೊಳಗೆ ಎಲ್ಲ ಮುಗಿಸಬೇಕು, ಅಷ್ಟೇ. ಅವತ್ತು ಮರಳಿನ ಮೇಲೆ ಕುಳಿತು ನೋಡಿದೆ. ಅವಸರವೇ ಇಲ್ಲದೆ, ದೊಡ್ಡ ಮನೆತನದ ಬೀಗ ಎದ್ದು ಹೊರಟ ಹಾಗೆ, ನಿಂತು ನಿಂತು ನೀರಿಗಿಳಿದ.

ಮೂರನೆಯ ಸಂಜೆ ಅಲ್ಲೇ ಕುಳಿತಿದ್ದಾಗ ಅಕ್ಕ ತಾನಾಗಿಯೇ ಎತ್ತಿದಳು. “ಕೇಳಾಕ ಬಂದೀದಿ, ಕೇಳು.”

“ನಾ ಬೆಲ್ಲ ತಿನ್ನಾಕ ಬಂದೇನಿ.”

“ಮಹಡಿ ಕೋಣಿ ಚಲೋ ಐತಿ,” ಎಂದಳು ಅಕ್ಕ, ಸಮುದ್ರದ ಕಡೆಗೇ ನೋಡುತ್ತ. “ಆದರ ನಿನ್ನ ಮನ್ಯಾಗ ನನಗ ಒಂದ ಕೊಡಾ ತುಂಬಾಕ ಬಿಡಂಗಿಲ್ಲ ನೀ. ‘ಕುಂದರಕ್ಕಾ, ಕುಂದರಕ್ಕಾ’ ಅಂತೀದಿ. ಹತ್ತ ದಿನ ಕುಂದರತೇನಿ. ಹನ್ನೊಂದನೇ ದಿನ ನನ್ನ ಕೊಡಾ ನಾ ತುಂಬಬೇಕು ಅನಸತೈತಿ.”

ನನ್ನ ಹತ್ತಿರ ಹತ್ತು ಮಾತು ತಯಾರಿದ್ದವು. ವಯಸ್ಸು, ಮಿರಜಿನ ದವಾಖಾನೆಗಳು, ಘಾಟು, ಮಳೆ. ಅಷ್ಟರಲ್ಲಿ ಸುಲು ವಹಿನಿ ದೂರದಿಂದ, “ಬಾಯೀ, ಭರತೀ ಯೇತೇಯ,” ಎಂದು ಕೂಗಿದಳು. ಈ ಸಲ ನನಗೆ ಸರಿಯಾಗಿ ತಿಳಿಯಿತು. ಸೀರೆ ಎತ್ತಿಕೊಂಡು ಇಬ್ಬರೂ ಮೇಲಕ್ಕೆ ಸರಿದೆವು. ಬೆಲ್ಲ ಬಿಡಲು ನನಗೆ ಅರ್ಧ ಮಂತ್ರದ ಹೊತ್ತು ಸಾಕಾಗಿತ್ತು. ಅಕ್ಕನನ್ನು ಕರೆತರುವ ಹಟ ಬಿಡಲು ಮನೆ ತನಕದ ದಾರಿಯೂ ಸಾಲಲಿಲ್ಲ. ಮರುದಿನ ದೋಣಿಯಲ್ಲಿ ಬರುವಾಗ, ಹಸಿರು ಸೀರೆ ಮತ್ತೆ ಚುಕ್ಕೆಯಾದಮೇಲೆ, ಅದು ತಾನಾಗಿ ಬಿಟ್ಟಿತು.

ಬಸ್ಸು ಘಾಟು ಹತ್ತುವಾಗ ಶಾಲೆಯ ಭೂಗೋಳ ನೆನಪಾಯಿತು. ನಮ್ಮ ಕೃಷ್ಣೆ ಹುಟ್ಟುವುದು ಈ ಬೆಟ್ಟಗಳಲ್ಲೇ, ಅಕ್ಕನ ಸಮುದ್ರ ಇಲ್ಲಿಂದ ಇಣುಕಿದರೆ ಕಾಣುವಂತಿದೆ. ಆದರೂ ಅವಳು ಇತ್ತ ಬೆನ್ನು ಮಾಡಿ, ನಾಡಿಗೆ ನಾಡೇ ದಾಟಿ, ಮೂಡಣದ ಸಮುದ್ರಕ್ಕೆ ಹೋಗಿ ಸೇರುತ್ತಾಳೆ. ಹತ್ತಿರದ್ದಕ್ಕೇ ಯಾಕೆ ಹೋಗಲಿಲ್ಲ ಎಂದು ಅವಳನ್ನು ಯಾರೂ ಕೇಳಿಲ್ಲ.

ನಾನು ಬಂದು ತಿಂಗಳಾಯಿತು. ಈಗ ಸಂಜೆ ಕಾಲು ತಾಸು ಮುಂಚೆ ಊಟ ಮುಗಿಸಿ, ಮಹಡಿಯ ಕೋಣೆಯ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ನಮ್ಮ ಸೂರ್ಯ ಹೊಳೆಯಾಚೆ ಸಾಂಗ್ಲಿವಾಡಿಯ ಕಬ್ಬಿನಲ್ಲಿ ಇಳಿಯುತ್ತಾನೆ. ಒಂದೊಂದು ದಿನ ನಮ್ಮ ಮನೆಯವರೂ ಬರುತ್ತಾರೆ, “ಹೋದನೇನು?” ಎಂದು ಕೇಳುತ್ತಾರೆ, ಬಸ್ಸಿಗೆ ಹೋದವರನ್ನು ಕೇಳಿದ ಹಾಗೆ. ಬೆಳಿಗ್ಗೆ ಪುಟ್ಟ ಚೊಂಬು ಹಿಡಿದು ಹೊಳೆಯ ಘಾಟಿಗೆ ಹೋಗಿ, ಕೃಷ್ಣೆಯದನ್ನು ಕೃಷ್ಣೆಗೆ ಒಪ್ಪಿಸಿ ಬರುತ್ತೇನೆ. ದಾರಿಯಲ್ಲಿ ಕೇಳಿದವರಿಗೆ ವಾಕಿಂಗ್ ಎನ್ನುತ್ತೇನೆ.

ನಿನ್ನೆ ಪೇಟೆಯಿಂದ ಒಂದು ಸಣ್ಣ ಹಿತ್ತಾಳೆ ಕೊಡ ತರಿಸಿ ಮಹಡಿಯ ಕೋಣೆಯಲ್ಲಿ ಇಟ್ಟಿದ್ದೇನೆ. ಮುಂದಿನ ಭಾದ್ರಪದಕ್ಕೆ ಅಕ್ಕ ಬಂದಾಗ ಅದನ್ನು ಅವಳೇ ತುಂಬಬೇಕು, ನಾನು ಮುಟ್ಟುವುದಿಲ್ಲ. ಹತ್ತು ದಿನ ತುಂಬಿ ಹೊರಟರೂ ಸರಿ, ಹನ್ನೊಂದನೆಯ ದಿನ ಇನ್ನೊಂದು ಸಲ ತುಂಬಿದರೂ ಸರಿ. ಅದರ ಬಾಯಿಗೆ ಕಟ್ಟುವ ಅರಿವೆಯೊಂದು ಬಾಕಿ ಇದೆ. ಬಿಳಿ ಬಟ್ಟೆ ಕತ್ತರಿಸಿ ಮಡಿಚಿ ಇಟ್ಟಿದ್ದೇನೆ, ಮೂರು ಅಂಚು ಹೊಲಿದದ್ದಾಗಿದೆ. ಬೆಳಕಿರುವಾಗಲೇ ನಾಲ್ಕನೆಯದನ್ನೂ ಮುಗಿಸುತ್ತೇನೆ, ಸೂಜಿಗೆ ದಾರ ಪೋಣಿಸಬೇಕು.